ಅಮೆರಿಕದ ಹಳೇ ಅಜ್ಜನನ್ನು ಹುಡುಕಬೇಕಾ? ಚಕ್ಕುಬಂದಿ ಓದಿ

ನಮ್ಮ ಬೀಗರು ಕೆಂಟಕಿಯವರು. ಮಗ ಕೆಲಸಕ್ಕೆಂದು ಲೂಯಿವಿಲ್‌ಗೆ ಹೋದವನು ಅಲ್ಲಿನ ಹುಡುಗಿಯನ್ನೇ ಮದುವೆಯಾದ. ಹೋದ ಸಲ ನಾನೂ ನಮ್ಮ ಮನೆಯವರೂ ಆರು ತಿಂಗಳು ಇದ್ದು ಬರೋಣ ಅಂತ ಹೋಗಿದ್ದೆವು. ಒಂದು ಭಾನುವಾರ ಊಟ ಆದ ಮೇಲೆ ಬೀಗಿತ್ತಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಒಳಗೆ ಮಾಸಿದ ಫೋಟೋಗಳು, ಪತ್ರಗಳು, ಪತ್ರಿಕೆಯಿಂದ ಕತ್ತರಿಸಿದ ಸಾವಿನ ಸುದ್ದಿಗಳು. "ನಾವು ಅಬ್ರಹಾಂ ಲಿಂಕನ್ ಕಡೆಯವರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ನೀವು ರಿಜಿಸ್ಟ್ರಾರ್ ಆಫೀಸಿನಲ್ಲಿ ಇದ್ದವರಲ್ವಾ, ಸ್ವಲ್ಪ ನೋಡಿ" ಅಂದರು.

ನಾನು ಮೂವತ್ತು ವರ್ಷ ಹಾಸನದ ಕಡೆ ಉಪನೋಂದಣಿ ಕಚೇರಿಗಳಲ್ಲಿ ಗುಮಾಸ್ತನಾಗಿದ್ದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬಿಟ್ಟರೆ ನನಗೆ ಬೇರೆ ಏನೂ ಬರೋದಿಲ್ಲ. ಅಮೆರಿಕದ ಇತಿಹಾಸ ಅಂದರೆ ಶಾಲೆಯಲ್ಲಿ ಓದಿದ ಎರಡು ಪುಟ. ಆದರೂ ಕೂತು ನೋಡಿದೆ. ನಾಲ್ಕು ತಿಂಗಳು ಅದೇ ಕೆಲಸ ಆಯಿತು. ಕೊನೆಗೆ ಗೊತ್ತಾಗಿದ್ದೇನೆಂದರೆ, ಆ ದೇಶದ ಹಳೇ ಕಾಲದಲ್ಲಿ ಯಾರು ಯಾವಾಗ ಹುಟ್ಟಿದರು ಅಂತ ಬರೆದಿಟ್ಟವರು ಕಡಿಮೆ, ಯಾರ ಜಮೀನು ಎಲ್ಲಿಗೆ ಮುಗಿಯಿತು ಅಂತ, ಅಂದರೆ ಚಕ್ಕುಬಂದಿ, ಬರೆದಿಡದೆ ಇದ್ದವರು ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ನನ್ನ ಗುಮಾಸ್ತಿಕೆ ಅಲ್ಲಿಯೂ ನಡೆಯಿತು.

ಇದನ್ನು ಬರೆಯುತ್ತಿರೋದು ನನ್ನಂಥವರಿಗೆ. ಸೊಸೆಯೋ ಅಳಿಯನೋ ಅಲ್ಲಿಯ ಹಳೇ ಮನೆತನದವರಾಗಿದ್ದು, ಮೊಮ್ಮಕ್ಕಳ ವಂಶವೃಕ್ಷದಲ್ಲಿ ನಮ್ಮ ಕಡೆ ತುಂಬಿದ್ದು ಅವರ ಕಡೆ ಖಾಲಿ ಇರುವವರಿಗೆ. ನಡುವೆ ಲಿಂಕನ್ ಮನೆತನದ ಉದಾಹರಣೆ ಕೊಡುತ್ತಾ ಹೋಗುತ್ತೇನೆ. ಬೀಗಿತ್ತಿಯ ಮಾತಿಗೆ ಅದನ್ನೂ ಓದಬೇಕಾಯಿತು, ಓದಿದ ಮೇಲೆ ಇದಕ್ಕಿಂತ ಒಳ್ಳೆಯ ಪಾಠ ಸಿಗೋದಿಲ್ಲ ಅನ್ನಿಸಿತು.

ಡಬ್ಬಿಯಿಂದ ಶುರು

ಕಂಪ್ಯೂಟರ್ ಆಮೇಲೆ. ಮೊದಲು ಮನೆಯ ಹಿರಿಯರ ಹತ್ತಿರ ಕೂತು ಹೆಸರು, ಊರು, ಯಾರ ಮಗ, ಯಾರ ಮಗಳು, ಎಲ್ಲಿ ಹೂಳಿದ್ದಾರೆ ಅನ್ನೋದನ್ನೆಲ್ಲ ಬರೆದುಕೊಳ್ಳಿ. ಅವರು ಹೇಳುವ ಕಥೆಯನ್ನೂ ಬರೆದುಕೊಳ್ಳಿ, ನಂಬಬೇಡಿ, ಅಲ್ಲಗಳೆಯಲೂ ಬೇಡಿ. "ಮೂರು ಜನ ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು" ಅನ್ನೋ ಕಥೆ ಅಲ್ಲಿ ಎಷ್ಟು ಮನೆಗಳಲ್ಲಿದೆಯೋ ಲೆಕ್ಕವಿಲ್ಲ. "ನಮ್ಮ ಮುತ್ತಜ್ಜಿ ಚೆರೋಕಿ ರಾಜಕುಮಾರಿ" ಅನ್ನೋದೂ ಹಾಗೇ. ಚೆರೋಕಿ ಜನರಲ್ಲಿ ರಾಜಕುಮಾರಿ ಅನ್ನೋ ಪದವಿಯೇ ಇರಲಿಲ್ಲ.

ಮನೆಯಲ್ಲಿ ಹಳೇ ಬೈಬಲ್ ಇದ್ದರೆ ಅದರಲ್ಲಿ ಹುಟ್ಟು, ಮದುವೆ, ಸಾವು ಬರೆಯಲು ಬೇರೆ ಹಾಳೆಗಳಿರುತ್ತವೆ, ನೋಡಿ. ಜೊತೆಗೆ ಮುಖಪುಟದ ಹಿಂದೆ ಮುದ್ರಣದ ವರ್ಷವನ್ನೂ ನೋಡಿ. ಬೈಬಲ್ ಅಚ್ಚಾಗಿದ್ದು 1850ರಲ್ಲಿ, ಒಳಗೆ 1790ರಿಂದ ಹುಟ್ಟಿದವರೆಲ್ಲರ ಹೆಸರು ಒಂದೇ ಕೈಬರಹ ಒಂದೇ ಶಾಯಿಯಲ್ಲಿ ಇದ್ದರೆ, ಅದು ಯಾರೋ ಆಮೇಲೆ ನೆನಪಿನಿಂದ ಬರೆದದ್ದು. ನಮ್ಮಲ್ಲಿ ಹಳೇ ತಾರೀಕು ಹಾಕಿ ಹೊಸ ಪೆನ್ನಿನಲ್ಲಿ ಬರೆದ ಕರಾರುಪತ್ರ ತರುತ್ತಿದ್ದರಲ್ಲ, ಅಂಥದ್ದು ಕಣ್ಣಿಗೆ ಬೀಳೋದು ನನಗೆ ಅಭ್ಯಾಸ.

ಇನ್ನೊಂದು ನಿಯಮ. ಇವತ್ತಿನಿಂದ ಹಿಂದಕ್ಕೆ ಹೋಗಿ, ಒಂದೊಂದೇ ತಲೆಮಾರು. ಲಿಂಕನ್ನನನ್ನು ಮೊದಲು ಇಟ್ಟುಕೊಂಡು ಅವನಿಂದ ಬೀಗಿತ್ತಿಯ ತನಕ ಇಳಿಯಲು ಹೊರಟರೆ ಏನೋ ಒಂದು ದಾರಿ ಸಿಕ್ಕೇ ಸಿಗುತ್ತದೆ, ಸುಳ್ಳು ದಾರಿ.

1850ರ ತನಕ ರಾಜಮಾರ್ಗ

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. 72 ವರ್ಷ ಕಳೆದ ಮೇಲೆ ಮನೆಮನೆಯ ಪಟ್ಟಿಯನ್ನೇ ಸಾರ್ವಜನಿಕರಿಗೆ ಬಿಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ಫ್ಯಾಮಿಲಿಸರ್ಚ್ ಅನ್ನೋ ತಾಣದಲ್ಲಿ ಇವೆಲ್ಲ ಪುಕ್ಕಟೆ ಸಿಗುತ್ತವೆ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವ ತಾಣ ಅದು. ಒಂದು ಖಾತೆ ತೆರೆದರೆ ಸಾಕು. ಆನ್ಸೆಸ್ಟ್ರಿ ಅನ್ನೋ ಇನ್ನೊಂದು ತಾಣಕ್ಕೆ ದುಡ್ಡು ಕೊಡಬೇಕು, ಆದರೆ ಅಲ್ಲಿಯ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂತು ಸುಮ್ನೆ ನೋಡಬಹುದು.

1950, 1940, 1930 ಅಂತ ಒಂದೊಂದೇ ಮೆಟ್ಟಿಲು ಇಳಿಯಿರಿ. 1890ರದ್ದು ಸಿಗೋದಿಲ್ಲ. ವಾಷಿಂಗ್ಟನ್ನಿನಲ್ಲಿ ಅದನ್ನು ಇಟ್ಟಿದ್ದ ಕಟ್ಟಡಕ್ಕೆ 1921ರ ಜನವರಿಯಲ್ಲಿ ಬೆಂಕಿ ಬಿದ್ದು ಹೆಚ್ಚುಕಡಿಮೆ ಎಲ್ಲ ಹಾಳಾಯಿತು. ಹಾಗಾಗಿ 1900ರಿಂದ 1880ಕ್ಕೆ ಒಂದು ದೊಡ್ಡ ಜಿಗಿತ. 1880ರಲ್ಲಿ ಯಜಮಾನನಿಗೆ ಯಾರು ಏನಾಗಬೇಕು ಅನ್ನೋದೂ, ತಂದೆ ತಾಯಿ ಯಾವ ರಾಜ್ಯದಲ್ಲಿ ಹುಟ್ಟಿದರು ಅನ್ನೋದೂ ಇದೆ. 1850, 60, 70ರಲ್ಲಿ ಸಂಬಂಧ ಬರೆದಿಲ್ಲ. ಗಂಡಸು, ಹೆಂಗಸು, ಐದು ಮಕ್ಕಳು ಇದ್ದರೆ ಆ ಹೆಂಗಸು ಆ ಐದೂ ಮಕ್ಕಳ ತಾಯಿ ಅಂತ ತಿಳಿಯಬೇಡಿ. ಎರಡನೇ ಹೆಂಡತಿ ಇರಬಹುದು, ಅತ್ತಿಗೆಯೂ ಇರಬಹುದು.

1850ಕ್ಕಿಂತ ಹಿಂದೆ ಹೋದಿರೋ, ಗೋಡೆ. ಅಲ್ಲಿ ಯಜಮಾನನ ಹೆಸರೊಂದೇ. ಉಳಿದವರೆಲ್ಲ ಗೀಟುಗಳು: ಹತ್ತು ವರ್ಷದೊಳಗಿನ ಗಂಡುಮಕ್ಕಳು ಎರಡು, 16ರಿಂದ 26ರೊಳಗಿನ ಹೆಂಗಸು ಒಂದು, ಹೀಗೆ. ಅದೂ ಎಲ್ಲ ಕಡೆಯದು ಉಳಿದಿಲ್ಲ. ವರ್ಜೀನಿಯಾದ 1790ರ ಪಟ್ಟಿ ಇಲ್ಲ. ಕೆಂಟಕಿಯ 1790 ಮತ್ತು 1800ರ ಎರಡೂ ಇಲ್ಲ. ಜನನ ಪ್ರಮಾಣಪತ್ರ ಹುಡುಕೋಣ ಅಂದರೆ ಕೆಂಟಕಿಯಲ್ಲಿ ರಾಜ್ಯದ ಮಟ್ಟದಲ್ಲಿ ಅದು ಕ್ರಮವಾಗಿ ಶುರುವಾಗಿದ್ದೇ 1911ರಲ್ಲಿ. ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಸರ್ಕಾರ ಕಡ್ಡಾಯ ಮಾಡಿದ್ದು 1820ರಿಂದ. ಜಾಸ್ತಿ ಜನ ಇಲ್ಲಿಗೆ ಬಂದು ಸುಸ್ತಾಗಿ ಬಿಟ್ಟುಬಿಡುತ್ತಾರೆ. ನನಗೆ ರುಚಿ ಹತ್ತಿದ್ದು ಇಲ್ಲಿಂದ.

ಯಾವ ಕೌಂಟಿ, ಯಾವ ವರ್ಷ

ಅಲ್ಲಿ ಜಮೀನು, ವಿಲ್, ಮದುವೆ ಎಲ್ಲ ದಾಖಲೆ ಇರೋದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ, ನ್ಯೂ ಇಂಗ್ಲೆಂಡ್, ಅಂದರೆ ಮ್ಯಾಸಚೂಸೆಟ್ಸ್ ಸುತ್ತಿನ ಈಶಾನ್ಯದ ರಾಜ್ಯಗಳ ಕಡೆ ಆದರೆ ಎಷ್ಟೋ ವಿಷಯ ಊರಿನ ಕಚೇರಿಯಲ್ಲಿ. ಕೌಂಟಿಗಳು ಒಡೆಯುತ್ತಾ ಹೋಗಿವೆ. ನಮ್ಮಲ್ಲಿ 1997ರಲ್ಲಿ ಮೈಸೂರಿನಿಂದ ಚಾಮರಾಜನಗರ ಬೇರೆಯಾಗಲಿಲ್ಲವೇ, ಹಾಗೆ, ಆದರೆ ಹತ್ತು ಪಟ್ಟು ಬೇಗ ಬೇಗ.

ಲಿಂಕನ್ನನ ಮುತ್ತಜ್ಜ ಜಾನ್ ಲಿಂಕನ್ 1768ರಲ್ಲಿ ಪೆನ್ಸಿಲ್ವೇನಿಯಾ ಬಿಟ್ಟು ವರ್ಜೀನಿಯಾದ ಆಗಸ್ಟಾ ಕೌಂಟಿಗೆ ಬಂದ. 1778ರಲ್ಲಿ ಆಗಸ್ಟಾ ಒಡೆದು ರಾಕಿಂಗ್‌ಹ್ಯಾಮ್ ಆಯಿತು. ಮುದುಕ ಮನೆಯಿಂದ ಕದಲಲಿಲ್ಲ, ಅವನ ಕೌಂಟಿ ಬದಲಾಯಿತು. ಲಿಂಕನ್ 1809ರಲ್ಲಿ ಹುಟ್ಟಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ, ಆದರೆ ಆ ಜಾಗ 1843ರಿಂದ ಲರೂ ಕೌಂಟಿಯಲ್ಲಿದೆ. ಅವನ ಅಪ್ಪ ಅಮ್ಮನ ಮದುವೆ ದಾಖಲೆಯನ್ನು ಜನ ವರ್ಷಗಟ್ಟಲೆ ಹಾರ್ಡಿನ್‌ನಲ್ಲಿ ಹುಡುಕಿದರು, ಸಿಗಲಿಲ್ಲ, ಮದುವೆಯೇ ಆಗಿರಲಿಲ್ಲವೇನೋ ಅಂತ ಗುಸುಗುಸು ಕೂಡ ಎದ್ದಿತು. ಅದು ಇದ್ದದ್ದು ಪಕ್ಕದ ವಾಷಿಂಗ್ಟನ್ ಕೌಂಟಿಯಲ್ಲಿ. 1806ರ ಜೂನ್ 12ರ ಮದುವೆ. ಹುಡುಗಿಯ ಕಡೆಯವರು ಅಲ್ಲಿದ್ದರು, ಮದುವೆ ಅಲ್ಲೇ ಆಯಿತು. ನಮ್ಮಲ್ಲೂ ಹಾಗೇ ಅಲ್ವಾ?

ಚಿಕಾಗೋದ ನ್ಯೂಬೆರಿ ಗ್ರಂಥಾಲಯದವರು ಎಲ್ಲ ಕೌಂಟಿಗಳ ಹಳೇ ಗಡಿಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ತಾರೀಕು ಕೊಟ್ಟರೆ ಆ ದಿನದ ಗಡಿ ತೋರಿಸುತ್ತದೆ. ಒಂದು ಹಾಳೆಯ ಮೇಲೆ ನಿಮ್ಮ ಊರು ಯಾವ ವರ್ಷ ಯಾವ ಕೌಂಟಿಯಲ್ಲಿತ್ತು ಅಂತ ಮೊದಲು ಬರೆದಿಟ್ಟುಕೊಳ್ಳಿ. ಈ ಹಾಳೆ ಇಲ್ಲದೆ ಮುಂದಕ್ಕೆ ಹೋಗಬೇಡಿ. ನಾನು ಹೋಗಿ ಹದಿನೈದು ದಿನ ಹಾಳು ಮಾಡಿಕೊಂಡೆ.

ಕಂದಾಯದ ಪಟ್ಟಿ

ಜನಗಣತಿ ಕಳೆದುಹೋದ ಕಡೆ ಕೈ ಹಿಡಿಯೋದು ತೆರಿಗೆ ಪಟ್ಟಿ. ಕೆಂಟಕಿ, ವರ್ಜೀನಿಯಾಗಳಲ್ಲಿ ಅದು ವರ್ಷವರ್ಷವೂ ಬರೆದದ್ದು, ಹಾಗಾಗಿ ಒಂದು ಲೆಕ್ಕದಲ್ಲಿ ಜನಗಣತಿಗಿಂತ ಮೇಲು. ಹುಡುಗನಿಗೆ 21 ತುಂಬಿದ ವರ್ಷ ಅವನ ಹೆಸರು ಹೊಸದಾಗಿ ಕಾಣಿಸುತ್ತದೆ, ಅದರಿಂದ ಹುಟ್ಟಿದ ವರ್ಷ ಲೆಕ್ಕ ಹಾಕಬಹುದು. ಗಂಡಸಿನ ಹೆಸರು ಹೋಗಿ ಅದೇ ಎಕರೆಗೆ ಹೆಂಗಸಿನ ಹೆಸರು ಬಂದರೆ ಆತ ಸತ್ತ ಅಂತ ಅರ್ಥ. ನಮ್ಮ ಪೌತಿ ಖಾತೆಯ ಹಾಗೆ. ಕೆಂಟಕಿಯ ಪಟ್ಟಿಯಲ್ಲಿ ಇನ್ನೂ ಒಂದು ಚೆಂದ ಇದೆ: ಜಮೀನು ಯಾವ ಹಳ್ಳದ ಮೇಲಿದೆ, ಮೊದಲು ಯಾರ ಹೆಸರಿನಲ್ಲಿ ಅಳತೆಯಾಯಿತು ಅಂತಲೂ ಕಾಲಂಗಳಿವೆ. ಒಂದು ವರ್ಷದ್ದು ನೋಡಿ ಮುಚ್ಚಬೇಡಿ. ಹದಿನೈದು ಇಪ್ಪತ್ತು ವರ್ಷದ್ದನ್ನು ಸಾಲಾಗಿ ಬರೆದು ಮುಂದಿಟ್ಟುಕೊಂಡರೆ ಮನೆಯೊಂದು ಬೆಳೆದು, ಹಂಚಿಕೊಂಡು, ಊರು ಬಿಟ್ಟಿದ್ದು ಕಣ್ಣಿಗೆ ಕಟ್ಟುತ್ತದೆ.

ಚಕ್ಕುಬಂದಿ

ಈಗ ನನ್ನ ಮನೆಗೆ ಬಂದೆವು.

ಕೌಂಟಿಯ ಡೀಡ್ ಬುಕ್ ಅಂದರೆ ಜಮೀನಿನ ಪತ್ರಗಳನ್ನು ನಕಲು ಮಾಡಿಡುವ ಪುಸ್ತಕ, ನಮ್ಮ ನೋಂದಣಿ ಕಚೇರಿಯ ಒಂದನೇ ಪುಸ್ತಕವೇ. ಎರಡು ಇಂಡೆಕ್ಸ್ ಇರುತ್ತವೆ, ಬರೆದುಕೊಟ್ಟವರದ್ದು ಒಂದು, ಬರೆಸಿಕೊಂಡವರದ್ದು ಒಂದು. ಎರಡನ್ನೂ ನೋಡಬೇಕು. ಕೊಂಡದ್ದು ಇದ್ದು ಮಾರಿದ್ದು ಇಲ್ಲದಿದ್ದರೆ ಆ ಜಮೀನು ವಾರಸುದಾರರಿಗೆ ಹೋಗಿರಬೇಕು, ವಿಲ್ ಪುಸ್ತಕಕ್ಕೆ ಹೋಗಿ. ಮಾರಿದ್ದು ಇದ್ದು ಕೊಂಡದ್ದು ಇಲ್ಲದಿದ್ದರೆ ಅಪ್ಪನಿಂದಲೋ ಮಾವನಿಂದಲೋ ಬಂದಿರಬೇಕು, ಅಥವಾ ಸರ್ಕಾರದ ಮಂಜೂರಾತಿ. ಇಷ್ಟು ಸೂತ್ರದಲ್ಲೇ ಅರ್ಧ ಕೆಲಸ ಆಗುತ್ತದೆ. ಕೆಂಟಕಿಯ ಹಳೇ ಮಂಜೂರಾತಿಗಳ ಚಿತ್ರಗಳನ್ನು ಆ ರಾಜ್ಯದ ಲ್ಯಾಂಡ್ ಆಫೀಸಿನ ತಾಣದಲ್ಲೇ ನೋಡಬಹುದು, ವರ್ಜೀನಿಯಾದ್ದು ರಿಚ್ಮಂಡ್‌ನ ರಾಜ್ಯ ಗ್ರಂಥಾಲಯದ ತಾಣದಲ್ಲಿ.

ನನ್ನ ಕೈಗೆ ಬಂದ ಮೊದಲ ಪತ್ರ ಸುಮಾರು ಹೀಗಿತ್ತು: ಹಳ್ಳದ ದಂಡೆಯ ಬಿಳಿ ಓಕ್ ಮರದಿಂದ ಹೊರಟು, ಇಂಥ ದಿಕ್ಕಿಗೆ 120 ಪೋಲ್ ನಡೆದು, ಎರಡು ಮೇಪಲ್ ಮರಗಳ ತನಕ, ಅಲ್ಲಿಂದ ಇಂಥವನ ಗೆರೆ ಹಿಡಿದು ಮತ್ತೆ ಹಳ್ಳಕ್ಕೆ, ಹಳ್ಳ ಸುತ್ತಿಕೊಂಡು ಹೊರಟ ಮರಕ್ಕೆ. ಓದುತ್ತಾ ನಗು ಬಂತು. "ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಗದ್ದೆ, ಉತ್ತರಕ್ಕೆ ಹಳ್ಳ" ಅಂತ ನಾನು ಎಷ್ಟು ಸಾವಿರ ಸಲ ನಕಲು ತೆಗೆದಿಲ್ಲ! ಪೋಲ್ ಅಂದರೆ 16.5 ಅಡಿ. ಎರಡು ಪೋಲ್ ಅಂದರೆ 33 ಅಡಿ. 33 ಅಡಿ ಉದ್ದ 33 ಅಡಿ ಅಗಲ ಅಂದರೆ ಏನು? ನಮ್ಮ ಗುಂಟೆ. ಅವರಿಗೂ ನಮಗೂ ಅಳತೆ ಸರಪಳಿ ಹೋದದ್ದು ಒಂದೇ ಇಂಗ್ಲೆಂಡಿನಿಂದ. ಬೀಗರಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ, ಅವರು ಎದ್ದು ಹೋಗಿ ಟೇಪು ತಂದು ಹಿತ್ತಲಲ್ಲಿ ಒಂದು ಗುಂಟೆ ಅಳೆದು ನೋಡಿದರು.

ಪತ್ರದಲ್ಲಿ ಏನೇನು ನೋಡಬೇಕು ಅಂದರೆ, ಮೊದಲು ಚಕ್ಕುಬಂದಿಯಲ್ಲಿರುವ ಅಕ್ಕಪಕ್ಕದವರ ಹೆಸರು. ಆ ಕಾಲದಲ್ಲಿ ಗುಡ್ಡ ದಾಟಿ ಒಬ್ಬನೇ ಹೊರಟವನು ಅಪರೂಪ. ಅಣ್ಣ, ಭಾವ, ಹೆಂಡತಿಯ ತೌರಿನವರು, ಚರ್ಚಿನವರು ಗುಂಪಾಗಿ ಹೋಗಿ ಅಕ್ಕಪಕ್ಕ ಜಮೀನು ಮಾಡಿದರು. ನಿಮ್ಮ ಅಜ್ಜ ಎಲ್ಲಿಂದ ಬಂದ ಅಂತ ಗೊತ್ತಾಗದಿದ್ದರೆ ಅವನ ನೆರೆಯವನು ಎಲ್ಲಿಂದ ಬಂದ ಅಂತ ಹುಡುಕಿ. ಆಮೇಲೆ ಸಾಕ್ಷಿಗಳು. ಸಾಕ್ಷಿ ಹಾಕೋಕೆ ಯಾರನ್ನು ಕರೆಯುತ್ತಾರೆ? ಸಂಬಂಧಿಕರನ್ನೇ. ಆಮೇಲೆ ಹೆಂಡತಿ. ಗಂಡ ಜಮೀನು ಮಾರಿದರೆ ಅದರಲ್ಲಿ ಹೆಂಡತಿಗಿದ್ದ ವಿಧವಾ ಹಕ್ಕನ್ನು, ಅಂದರೆ ಅವಳು ಬದುಕಿರುವ ತನಕ ಮೂರರಲ್ಲೊಂದು ಪಾಲನ್ನು, ಬಿಟ್ಟುಕೊಡಬೇಕಿತ್ತು. ನ್ಯಾಯಾಧಿಕಾರಿಗಳು ಅವಳನ್ನು ಗಂಡನಿಂದ ಬೇರೆ ಕರೆದು, ಒತ್ತಾಯ ಇಲ್ಲ ತಾನೇ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಎಷ್ಟೋ ಹೆಂಗಸರ ಹೆಸರು ಇಡೀ ಲೋಕದಲ್ಲಿ ಉಳಿದಿರೋದು ಆ ಎರಡು ಸಾಲಿನಲ್ಲಿ ಮಾತ್ರ.

ಮೊಬಲಗನ್ನೂ ಗಮನಿಸಿ. ಪ್ರೀತಿ ವಿಶ್ವಾಸಕ್ಕಾಗಿ ಒಂದು ಡಾಲರ್ ಅಂತ ಇದ್ದರೆ ಅದು ಮಗನಿಗೋ ಅಳಿಯನಿಗೋ ಕೊಟ್ಟ ದಾನಪತ್ರ. ಹಳೇ ವರ್ಜೀನಿಯಾದಲ್ಲಿ ಒಂದು ದಿನ ಐದು ಶಿಲ್ಲಿಂಗಿಗೆ ಗುತ್ತಿಗೆ, ಮಾರನೇ ದಿನ ದೊಡ್ಡ ಮೊತ್ತಕ್ಕೆ ಬಿಡುಗಡೆ ಪತ್ರ ಅಂತ ಜೋಡಿಯಾಗಿ ಬರೆಯುತ್ತಿದ್ದರು. ಅದು ಒಂದೇ ವ್ಯವಹಾರ, ಎರಡು ಅಲ್ಲ. ಎಲ್ಲಕ್ಕಿಂತ ಚಿನ್ನದಂಥದ್ದು ಅಪ್ಪ ಸತ್ತ ಮೇಲೆ ಮಕ್ಕಳು, ಅಳಿಯಂದಿರು ಎಲ್ಲರೂ ಸೇರಿ ತಮ್ಮ ಹಿಸ್ಸೆ ಮಾರಿದ ಪತ್ರ. ಒಂದು ಸಿಕ್ಕರೆ ಇಡೀ ಮನೆ ಸಿಕ್ಕ ಹಾಗೆ.

ಲಿಂಕನ್ನನ ವಿಷಯ ಇಲ್ಲಿ ಹೇಳಬೇಕು. 1859ರಲ್ಲಿ ಅವನೇ ಬರೆದುಕೊಟ್ಟ ಚಿಕ್ಕ ಆತ್ಮವೃತ್ತಾಂತದಲ್ಲಿ ತನ್ನ ಅಜ್ಜ ವರ್ಜೀನಿಯಾದಿಂದ ಕೆಂಟಕಿಗೆ ಬಂದ, ಅದಕ್ಕೂ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು ಅಂತ ಹೇಳುತ್ತಾನೆ. ನ್ಯೂ ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಮನೆತನ ಇದೆ, ಎರಡಕ್ಕೂ ನಂಟು ಹಾಕಲು ನೋಡಿದರೆ ಮೊರ್ಡೆಕೈ, ಈನಕ್, ಲೀವೈ ಅಂಥ ಹೆಸರುಗಳು ಎರಡು ಕಡೆಯೂ ಇವೆ ಅನ್ನೋದಕ್ಕಿಂತ ಜಾಸ್ತಿ ಏನೂ ಸಿಗಲಿಲ್ಲ ಅಂತ ನಿಲ್ಲಿಸುತ್ತಾನೆ. ದೇಶದ ಅಧ್ಯಕ್ಷನಾಗಲಿದ್ದವನಿಗೇ ಮುತ್ತಜ್ಜನ ಆಚೆಗೆ ಕತ್ತಲೆ. ಅವನು ಸತ್ತ ಮೇಲೆ ಆ ಕೊಂಡಿಯನ್ನು ಬೆಸೆದದ್ದು ಜಮೀನೇ. ಪೆನ್ಸಿಲ್ವೇನಿಯಾದಲ್ಲಿ 1736ರಲ್ಲಿ ತೀರಿಕೊಂಡ ಮೊರ್ಡೆಕೈ ಲಿಂಕನ್ ತನ್ನ ವಿಲ್‌ನಲ್ಲಿ ನ್ಯೂಜೆರ್ಸಿಯ 300 ಎಕರೆಯನ್ನು ಮಗ ಜಾನ್‌ಗೆ, ಅಂದರೆ ಮೇಲೆ ಹೇಳಿದ ಮುತ್ತಜ್ಜನಿಗೆ, ಬರೆದಿದ್ದ. ಜಾನ್ ಅದನ್ನು 1748ರಲ್ಲಿ ಮಾರುವಾಗ ತಾನು ಮೊರ್ಡೆಕೈಯ ಮಗ, ವಾರಸುದಾರ ಅಂತ ಪತ್ರದಲ್ಲಿ ಬರೆಸಿದ. ಆ ಮೊರ್ಡೆಕೈಯ ಅಪ್ಪ ಮ್ಯಾಸಚೂಸೆಟ್ಸ್‌ನ ಸಿಚುಯೇಟ್‌ನವನು, ಅವನ 1727ರ ವಿಲ್ ಉಳಿದಿದೆ, ಅದರಲ್ಲಿ ದೂರ ಹೋದ ಮಕ್ಕಳ ಹೆಸರಿದೆ. ಅಲ್ಲಿಂದ ಒಂದೇ ಹೆಜ್ಜೆ, 1637ರಲ್ಲಿ ಇಂಗ್ಲೆಂಡಿನ ಹಿಂಗಮ್ ಕಡೆಯಿಂದ ಬಂದ ಸ್ಯಾಮ್ಯುಯೆಲ್. ನೇಕಾರನ ಮನೆಯ ಹುಡುಗಾಳು. ಹಡಗಿನ ಪಟ್ಟಿಯಲ್ಲಿ ಅವನ ಹೆಸರು 'ಲಿಂಕಾರ್ನ್', ವಯಸ್ಸು 18. ಹಿಂಗಮ್‌ನ ಚರ್ಚಿನ ಪುಸ್ತಕ ನೋಡಿದರೆ ಅವನಿಗೆ ದೀಕ್ಷಾಸ್ನಾನ ಆಗಿದ್ದು 1622ರಲ್ಲಿ. ಅಂದರೆ ಹೆಚ್ಚುಕಡಿಮೆ ಹದಿನೈದರ ಹುಡುಗ.

ಸ್ಪೆಲ್ಲಿಂಗ್ ನೋಡಿ ಗಾಬರಿಯಾಗಬೇಡಿ. ಅಧ್ಯಕ್ಷರ ಅಜ್ಜನಿಗೆ 1780ರಲ್ಲಿ ಸಿಕ್ಕ 400 ಎಕರೆಯ ಪತ್ರದಲ್ಲಿ 'ಲಿಂಕ್‌ಹಾರ್ನ್' ಅಂತಿದೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ನಾವೂ ಬರೆಯುತ್ತಿದ್ದದ್ದು ಹಾಗೇ. ಹಾಗಾಗಿ ಹುಡುಕುವಾಗ ಹೆಸರನ್ನು ನಾಲ್ಕು ಥರ ಉಚ್ಚರಿಸಿ ನೋಡಿ. ಜರ್ಮನ್ ಮನೆತನವಾದರೆ ಅರ್ಥವೇ ಇಂಗ್ಲಿಷಿಗೆ ಹೋಗಿರಬಹುದು: ಝಿಮ್ಮರ್‌ಮನ್ ಹೋಗಿ ಕಾರ್ಪೆಂಟರ್ ಆದವರು ಎಷ್ಟೋ ಜನ. ಪಾಲಿ ಅಂದರೆ ಮೇರಿ, ಪ್ಯಾಟ್ಸಿ ಅಂದರೆ ಮಾರ್ತಾ, ಸ್ಯಾಲಿ ಅಂದರೆ ಸಾರಾ, ನ್ಯಾನ್ಸಿ ಅಂದರೆ ಆನ್.

2024ರಿಂದ ಫ್ಯಾಮಿಲಿಸರ್ಚ್‌ನಲ್ಲಿ ಕೈಬರಹವನ್ನು ಕಂಪ್ಯೂಟರೇ ಓದಿ ಹುಡುಕಿಕೊಡುವ ಸೌಲಭ್ಯ ಬಂದಿದೆ, ಮೊದಲು ಹಾಕಿದ್ದೇ ಅಮೆರಿಕದ ಜಮೀನು ಮತ್ತು ವಿಲ್ ಪುಸ್ತಕಗಳನ್ನು. ಇಂಡೆಕ್ಸಿನಲ್ಲಿ ಬರದ ಸಾಕ್ಷಿಗಳು, ನೆರೆಯವರೂ ಅದರಲ್ಲಿ ಸಿಗುತ್ತಾರೆ. ನಾನು ನೌಕರಿಯಲ್ಲಿದ್ದಾಗ ಇಂಥದ್ದು ಇದ್ದಿದ್ದರೆ ನನ್ನ ಕಣ್ಣು ಇಷ್ಟು ಹಾಳಾಗುತ್ತಿರಲಿಲ್ಲ.

ವಿಲ್‌ನಲ್ಲಿ ಇಲ್ಲದವನು

ವಿಲ್ ಸಿಕ್ಕರೆ ಸಂತೋಷ. ಆದರೆ ಅದರಲ್ಲಿ ಹೆಸರಿಲ್ಲದವನು ಮಗನೇ ಅಲ್ಲ ಅನ್ನಬೇಡಿ. ಜಮೀನು ಮೊದಲೇ ಕೊಟ್ಟಿದ್ದರೆ ಹೆಸರು ಬಿಡುತ್ತಿದ್ದರು. ವರ್ಜೀನಿಯಾದಲ್ಲಿ 1787 ಶುರುವಾಗುವ ತನಕ, ವಿಲ್ ಇಲ್ಲದೆ ಸತ್ತರೆ ಜಮೀನೆಲ್ಲ ಹಿರಿಯ ಮಗನಿಗೆ ಅಂತ ಕಾನೂನು ಇತ್ತು. ಕೆಂಟಕಿ ಆಗ ವರ್ಜೀನಿಯಾದ ಭಾಗ. ಲಿಂಕನ್ನನ ಅಜ್ಜ 1786ರಲ್ಲಿ ಹೊಲದಲ್ಲಿ ಕೊಲೆಯಾದ. ಜಮೀನು ಹಿರಿಯ ಮಗನಿಗೆ ಹೋಯಿತು, ಕಿರಿಯವನಾದ ಥಾಮಸ್, ಅಂದರೆ ಅಧ್ಯಕ್ಷರ ಅಪ್ಪ, ಬರಿಗೈಲಿ ಉಳಿದ. ಕೆಲವೇ ತಿಂಗಳು ತಡವಾಗಿ ಸತ್ತಿದ್ದರೆ ಅವನಿಗೂ ಪಾಲು ಬರುತ್ತಿತ್ತು.

ವಿಲ್ ಇಲ್ಲದಿದ್ದರೂ ಆಸ್ತಿಯ ಪಟ್ಟಿ, ಹರಾಜಿನ ಪಟ್ಟಿ, ಮಕ್ಕಳಿಗೆ ಪೋಷಕರನ್ನು ನೇಮಿಸಿದ ಪತ್ರ ಇರುತ್ತವೆ. ಹರಾಜಿನಲ್ಲಿ ಸತ್ತವನ ಬಾಣಲೆ, ಹಾಸಿಗೆ, ಕೊಡಲಿ ಕೊಂಡವರು ಸಾಮಾನ್ಯವಾಗಿ ಮನೆಯವರೇ. ಮದುವೆಗೆ ಮುಂಚೆ ಬರೆಯುತ್ತಿದ್ದ ಜಾಮೀನು ಪತ್ರವನ್ನೂ ನೋಡಿ. ಹುಡುಗನ ಜೊತೆ ಜಾಮೀನು ನಿಂತವನು ಬಹಳ ಸಲ ಹುಡುಗಿಯ ಅಪ್ಪ ಅಥವಾ ಅಣ್ಣ.

ಕೆಲವು ಮಾತು ಮೋಸ ಮಾಡುತ್ತವೆ. ಸೀನಿಯರ್, ಜೂನಿಯರ್ ಅಂದರೆ ಅಪ್ಪ ಮಗ ಅಂತ ಆಗ ಅರ್ಥವಿರಲಿಲ್ಲ, ಒಂದೇ ಊರಿನ ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವ ಚಿಕ್ಕವ ಅಷ್ಟೇ. ಹಿರಿಯವ ಸತ್ತರೆ ಜೂನಿಯರೇ ಸೀನಿಯರ್ ಆಗುತ್ತಿದ್ದ. ಇನ್‌ಫೆಂಟ್ ಅಂದರೆ ಕೂಸಲ್ಲ, 21 ತುಂಬದವನು. ಆರ್ಫನ್ ಅಂದರೆ ಅಪ್ಪ ಇಲ್ಲದವನು, ಅಮ್ಮ ಮನೆಯಲ್ಲೇ ಇರಬಹುದು. ಮದರ್ ಇನ್ ಲಾ ಅಂದಾಗ ಮಲತಾಯಿಯೂ ಆಗಿರಬಹುದು. ಸಮಾಧಿ ಕಲ್ಲಿನ ಮೇಲೆ ಕಾನ್ಸಾರ್ಟ್ ಅಂತಿದ್ದರೆ ಅವಳು ಮುತ್ತೈದೆಯಾಗಿ ಹೋದಳು ಅಂತ, ರೆಲಿಕ್ಟ್ ಅಂತಿದ್ದರೆ ವಿಧವೆಯಾಗಿ. ನಮ್ಮವರಿಗೆ ಈ ಎರಡು ಪದ ಬೇಗ ಅರ್ಥವಾಗುತ್ತವೆ ನೋಡಿ.

ತಾರೀಕಿನ ಗೊಂದಲ ಬೇರೆ. 1752ರ ಮುಂಚೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಆ ವರ್ಷ ಪಂಚಾಂಗ ಬದಲಿಸಿ ಸೆಪ್ಟೆಂಬರ್ 2ರ ಮಾರನೇ ದಿನ 14 ಅಂತ ಮಾಡಿದರು. ಅದಕ್ಕೇ ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಫೆಬ್ರವರಿ 11, 1731/32 ಅಂತ ಹಳೇ ಲೆಕ್ಕ, ಫೆಬ್ರವರಿ 22, 1732 ಅಂತ ಹೊಸದು. ಕ್ವೇಕರ್ ಪಂಥದವರು ತಿಂಗಳಿಗೆ ಹೆಸರು ಬರೆಯದೆ ಸಂಖ್ಯೆ ಬರೆಯುತ್ತಿದ್ದರು, 1752ಕ್ಕೆ ಮುಂಚಿನ ಅವರ ಮೊದಲನೇ ತಿಂಗಳು ಅಂದರೆ ಮಾರ್ಚ್. ದಾಖಲೆಯಲ್ಲಿ ಇದ್ದಂತೆಯೇ ನಕಲು ಮಾಡಿ, ತಿದ್ದಬೇಡಿ.

ಯಾರ ಮನೆ, ಯಾವ ಪುಸ್ತಕ

ನ್ಯೂ ಇಂಗ್ಲೆಂಡಿನವರಾದರೆ ಅದೃಷ್ಟವಂತರು. ಮ್ಯಾಸಚೂಸೆಟ್ಸ್‌ನ ಊರುಗಳು 1600ರ ದಶಕದಿಂದಲೇ ಹುಟ್ಟು, ಮದುವೆ, ಸಾವು ಬರೆದಿಟ್ಟಿವೆ, 1850ರ ತನಕದ್ದು ಎಷ್ಟೋ ಊರುಗಳದ್ದು ಅಚ್ಚಾಗಿದೆ. ಬಾಸ್ಟನ್‌ನಲ್ಲಿ 1845ರಲ್ಲಿ ಶುರುವಾದ ವಂಶಾವಳಿ ಸಂಘವೇ ಇದೆ. ಪೆನ್ಸಿಲ್ವೇನಿಯಾದ ಜರ್ಮನ್ನರಾದರೆ 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ 16 ವರ್ಷ ಮೇಲ್ಪಟ್ಟ ಗಂಡಸರು ಸಹಿ ಹಾಕಿದ ಪಟ್ಟಿಗಳಿವೆ. ನ್ಯೂಯಾರ್ಕಿನ ಡಚ್ಚರ ಚರ್ಚ್ ಪುಸ್ತಕಗಳಲ್ಲಿ ಹೆಂಗಸರಿಗೆ ತೌರಿನ ಹೆಸರೇ ಇರುತ್ತದೆ. ಒಹಾಯೋ, ಇಂಡಿಯಾನಾ ಅಂಥ ಕಡೆ ಸರ್ಕಾರ ಮೊದಲೇ ಚೌಕ ಚೌಕ ಅಳೆದು ಮಾರಿದ್ದರಿಂದ ಜಮೀನು ಹುಡುಕೋದು ಸುಲಭ. ಥಾಮಸ್ ಲಿಂಕನ್ 1816ರಲ್ಲಿ ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಹೋದದ್ದಕ್ಕೆ ಮುಖ್ಯ ಕಾರಣ ಕೆಂಟಕಿಯ ಜಮೀನು ಹಕ್ಕಿನ ತಕರಾರು ಅಂತ ಮಗನೇ ಬರೆದಿದ್ದಾನೆ. ಒಬ್ಬನ ಓಕ್ ಮರ ಇನ್ನೊಬ್ಬನ ಚಕ್ಕುಬಂದಿಯೊಳಗೆ.

ದಕ್ಷಿಣದಲ್ಲಿ ಸುಟ್ಟುಹೋದ ಕಚೇರಿಗಳು ಬಹಳ. ರಾಕಿಂಗ್‌ಹ್ಯಾಮ್‌ನಲ್ಲಿ 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, ಜೋಪಾನವಾಗಿರಲಿ ಅಂತ ಗಾಡಿಗೆ ತುಂಬಿ ಸಾಗಿಸಿದ ದಾಖಲೆಗಳಿಗೇ ಬೆಂಕಿ ಬಿತ್ತು.

ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಅಜ್ಜ ಇದ್ದರೆ ಪಿಂಚಣಿ ಕಡತ ತಪ್ಪದೆ ನೋಡಿ. 1832ರ ಕಾನೂನಿನಲ್ಲಿ ಆರು ತಿಂಗಳು ಸೇವೆ ಮಾಡಿದವರೂ ಅರ್ಜಿ ಹಾಕಬಹುದಿತ್ತು. ಮುದುಕರು ಕೋರ್ಟಿನಲ್ಲಿ ನಿಂತು ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಇದ್ದೆ ಅಂತ ಬಾಯಿಬಿಟ್ಟು ಹೇಳಿದ್ದೆಲ್ಲ ಅದರಲ್ಲಿದೆ. ವಿಧವೆಯರು ಮದುವೆಗೆ ಪುರಾವೆಯಾಗಿ ಬೈಬಲ್ಲಿನ ಹಾಳೆಯನ್ನೇ ಹರಿದು ಲಗತ್ತಿಸಿದ್ದಾರೆ.

ಗುಲಾಮರಾಗಿದ್ದವರ ಮಕ್ಕಳ ಹುಡುಕಾಟ ಬೇರೆಯೇ ಕಷ್ಟ. 1850 ಮತ್ತು 1860ರಲ್ಲಿ ಅವರನ್ನು ಪ್ರತ್ಯೇಕ ಪಟ್ಟಿಯಲ್ಲಿ ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಬರೆದು ಎಣಿಸಿದರು. ಎಲ್ಲರಿಗೂ ಹೆಸರು ಬಂದದ್ದು 1870ರಲ್ಲಿ. ಅದರ ಹಿಂದೆ ಹೋಗಲು ಯಜಮಾನನ ವಿಲ್, ಆಸ್ತಿ ಪಟ್ಟಿ, ಕ್ರಯಪತ್ರಗಳಲ್ಲೇ ಅವರ ಹೆಸರು ಹುಡುಕಬೇಕು, ದನಕರು ಪಾತ್ರೆಗಳ ಸಾಲಿನಲ್ಲಿ. ಬಿಡುಗಡೆಯಾದ ಗುಲಾಮರಿಗಾಗಿ 1865ರಲ್ಲಿ ತೆರೆದ ಫ್ರೀಡ್‌ಮನ್ಸ್ ಬ್ಯಾಂಕಿನ ಪುಸ್ತಕಗಳಲ್ಲಿ ಖಾತೆದಾರರ ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರುಗಳಿವೆ. ಬೀಗರ ಒಬ್ಬ ಪೂರ್ವಿಕನ ಆಸ್ತಿ ಪಟ್ಟಿಯಲ್ಲೂ ಇಂಥ ಎರಡು ಹೆಸರು ಇದ್ದವು. ಬೀಗಿತ್ತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅದನ್ನೂ ಹಾಕಿ ಅಂದರು. ವಂಶವೃಕ್ಷದ ಜೊತೆಗೇ ಹಾಕಿದೆವು, ಅವರ ಮೊಮ್ಮಕ್ಕಳು ಯಾರಾದರೂ ಹುಡುಕುತ್ತಿದ್ದರೆ ಸಿಗಲಿ ಅಂತ.

ಇನ್ನೊಂದು ಸಂಗತಿ ನನಗೆ ಕುತೂಹಲ ಹುಟ್ಟಿಸಿತು. 1635ರಲ್ಲೇ ವರ್ಜೀನಿಯಾದ ಜಮೀನು ದಾಖಲೆಯೊಂದರಲ್ಲಿ, ಕರೆತಂದ ಆಳುಗಳ ಹೆಸರುಗಳ ನಡುವೆ 'ಟೋನಿ, ಈಸ್ಟ್ ಇಂಡಿಯನ್' ಅಂತ ಒಬ್ಬನಿದ್ದಾನೆ. ಕರೆತಂದ ತಲೆಗೆ ಇಂತಿಷ್ಟು ಅಂತ 50 ಎಕರೆ ಕೊಡುತ್ತಿದ್ದರು, ಆ ಲೆಕ್ಕದಲ್ಲಿ ಅವನ ಹೆಸರು ಉಳಿಯಿತು. ನಮ್ಮ ಕಡೆಯ ಯಾವ ಕರಾವಳಿಯವನೋ, ನಿಜವಾದ ಹೆಸರೇನೋ.

ಡಿಎನ್‌ಎ ಮತ್ತು ಬೇರೆಯವರ ಮರ

ಉಗುಳು ಕೊಟ್ಟರೆ ಎಲ್ಲ ಗೊತ್ತಾಗುತ್ತದೆ ಅನ್ನೋದು ಸುಳ್ಳು. ಸಾಮಾನ್ಯ ಪರೀಕ್ಷೆ ಐದಾರು ತಲೆಮಾರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಮಸುಕು. ಗಂಡುಮಕ್ಕಳ ನೇರ ಸಾಲಿಗೆ ವೈ ಪರೀಕ್ಷೆ, ಹೆಣ್ಣುಮಕ್ಕಳ ನೇರ ಸಾಲಿಗೆ ಮೈಟೊಕಾಂಡ್ರಿಯ ಪರೀಕ್ಷೆ ದೂರ ಹೋಗುತ್ತವೆ. ಲಿಂಕನ್ನನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಯಾರ ಮಗಳು ಅಂತ ನೂರು ವರ್ಷಕ್ಕೂ ಮೇಲೆ ಜಗಳ ನಡೆದಿತ್ತು. 2015ರಲ್ಲಿ ಹೆಣ್ಣು ಸಾಲಿನ ವಂಶಜರ ಪರೀಕ್ಷೆ ಮಾಡಿ, ಕಾಗದಪತ್ರದ ಜೊತೆ ಇಟ್ಟು ನೋಡಿದಾಗ ಅವಳು ಲೂಸಿ ಹ್ಯಾಂಕ್ಸ್‌ಳ ಮಗಳು ಅನ್ನೋ ವಾದ ಗಟ್ಟಿಯಾಯಿತು.

ಅಂತರ್ಜಾಲದಲ್ಲಿ ಬೇರೆಯವರು ಕಟ್ಟಿಟ್ಟ ವಂಶವೃಕ್ಷಗಳನ್ನು ಸುಳಿವಿಗೆ ಮಾತ್ರ ಬಳಸಿ. ನಾನೂ ಮೊದಲ ವಾರ ಒಂದು ತಾಣದಲ್ಲಿ ಸಿಕ್ಕಿದ್ದನ್ನು ಹಾಗೇ ಇಳಿಸಿಕೊಂಡೆ. ಒಂದೇ ರಾತ್ರಿಗೆ ಬೀಗರು ಇಂಗ್ಲೆಂಡಿನ ರಾಜನ ತನಕ ಹೋಗಿಬಿಟ್ಟರು. ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡುತ್ತೇನೆ, ಒಬ್ಬಳು ತಾಯಿ ತನ್ನ ಮಗನಿಗಿಂತ ಆರು ವರ್ಷ ಚಿಕ್ಕವಳು. ಅಚ್ಚಾದ ಪುಸ್ತಕವೂ ನಂಬಿಕೆಗೆ ಖಾತ್ರಿ ಅಲ್ಲ. ಗುಸ್ತಾವ್ ಆಂಜು ಅಂತ ಒಬ್ಬ ಇದ್ದ, 1942ರಲ್ಲಿ ಸತ್ತ, ಶ್ರೀಮಂತರಿಗೆ ದುಡ್ಡು ತೆಗೆದುಕೊಂಡು ಸುಳ್ಳು ವಂಶಾವಳಿ ಬರೆದುಕೊಡೋದೇ ಅವನ ಕಸುಬು. ಅವನ ಪುಸ್ತಕಗಳಿಂದ ನಕಲಾದ ಹೆಸರುಗಳು ಇವತ್ತಿಗೂ ಮರದಿಂದ ಮರಕ್ಕೆ ಹಾರುತ್ತಿವೆ. ಪ್ರತಿ ಕೊಂಡಿಯ ಪಕ್ಕ ಯಾವ ಕೌಂಟಿ, ಯಾವ ಪುಸ್ತಕ, ಎಷ್ಟನೇ ಪುಟ ಅಂತ ಬರೆಯಿರಿ. ಬರೆಯಲು ಆಗದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ.

ಬೀಗರ ವಿಷಯ ಎಲ್ಲಿಗೆ ಬಂತು ಅಂದರೆ, ಲಿಂಕನ್ ಕಡೆಯವರು ಅನ್ನೋದಕ್ಕೆ ಒಂದು ಚೂರೂ ಪುರಾವೆ ಸಿಗಲಿಲ್ಲ. 1850ರಲ್ಲಿ ಅವರ ಮನೆ ಇದ್ದದ್ದು ಹಾರ್ಡಿನ್ ಕೌಂಟಿಯಲ್ಲಿ. ಲಿಂಕನ್ ಹುಟ್ಟಿದ ಕೌಂಟಿಯವರು ಅನ್ನೋ ಮಾತು ಅಜ್ಜಿಯಿಂದ ಅಜ್ಜಿಗೆ ದಾಟುವಾಗ ಲಿಂಕನ್ ಮನೆಯವರು ಅಂತ ಆಗಿರಬೇಕು. ಬೀಗಿತ್ತಿಗೆ ಮೊದಲು ಸ್ವಲ್ಪ ಬೇಜಾರಾಯಿತು. ಆದರೆ ಹಿಂದೆ ಹಿಂದೆ ಹೋಗಿ 1799ರ ತೆರಿಗೆ ಪಟ್ಟಿಯಲ್ಲಿ ವಿಲಿಯಂ ಅನ್ನೋ ಅವರ ಅಜ್ಜ ಸಿಕ್ಕ. ನೂರು ಎಕರೆ, ಎರಡು ಕುದುರೆ. ಮಾರಿದ ಪತ್ರವೊಂದರ ಕೊನೆಗೆ ಸಹಿ ಹಾಕಲು ಬಾರದೆ ಅವನು ಗುರುತು ಹಾಕಿದ್ದಾನೆ ಅಂತ ಇದೆ, ಪುಸ್ತಕಕ್ಕೆ ನಕಲು ಮಾಡಿದ ಗುಮಾಸ್ತ ಆ ಗುರುತನ್ನೂ ಹಾಗೇ ಚಿತ್ರ ಬರೆದಿದ್ದಾನೆ. ಎಲ್ಲರೂ ಹಾಕುವ ಇಂಟು ಗುರುತಲ್ಲ, ಒಂದು ವೃತ್ತ, ಅದರೊಳಗೆ ಗೀಟು. ಬೀಗಿತ್ತಿ ಅದನ್ನು ಪರದೆಯ ಮೇಲೆ ಬೆರಳಿನಲ್ಲಿ ತಿದ್ದಿ ನೋಡಿದರು.

ಅವನ ಅಪ್ಪ ಯಾರು ಅಂತ ಇನ್ನೂ ಗೊತ್ತಿಲ್ಲ. ತೆರಿಗೆ ಪಟ್ಟಿಯಲ್ಲಿ ಆ ಜಮೀನನ್ನು ಮೊದಲು ಅಳೆಸಿದವನದ್ದು ಬೇರೆ ಹೆಸರು, ಅವನು ವರ್ಜೀನಿಯಾದ ಯಾವುದೋ ಕೌಂಟಿಯಿಂದ ಬಂದವನು. ಈಗ ಹಿಡಿದಿರೋದು ಆ ದಾರಿ. ನಾನು ಊರಿಗೆ ಬಂದಾಗಿದೆ. ವಾರಕ್ಕೊಮ್ಮೆ ಬೀಗಿತ್ತಿ ವಾಟ್ಸ್ಯಾಪಿನಲ್ಲಿ ಡೀಡ್ ಬುಕ್ಕಿನ ಪುಟ ಕಳಿಸುತ್ತಾರೆ, ನಾನು ರಾತ್ರಿ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಸಾಕ್ಷಿಗಳ ಹೆಸರು ಓದಿ ವಾಪಸ್ ಕಳಿಸುತ್ತೇನೆ.